ಹೊಗೆಸೊಪ್ಪು ಬೆಳೆಯಲು ಲೈಸೆನ್ಸ್ ಬೇಕು, ಸಿಗರೇಟು ಮಾರಲು ಬೇಡವೇ?

ಕರ್ನಾಟಕ ಸರ್ಕಾರದ ಆರೋಗ್ಯ, ನಗರಾಭಿವೃದ್ಧಿ, ಪೌರಾಡಳಿತ ಹಾಗೂ ಗ್ರಾಮೀಣಾಭಿವೃದ್ಧಿ ಖಾತೆಗಳ ಸಚಿವರಿಗೆ, ಮಹಾನಗರ ಪಾಲಿಕೆಗಳ ಆಯುಕ್ತರಿಗೆ, ಪುರಸಭೆಗಳ ಮುಖ್ಯಾಧಿಕಾರಿಗಳಿಗೆ ಮತ್ತು ಗ್ರಾಮ ಪಂಚಾಯಿತಿ ಪಿಡಿಒಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ರೈತ ವರ್ಜೀನಿಯಾ ಹೊಗೆಸೊಪ್ಪು ಬೆಳೆಯಬೇಕಾದರೆ ತಂಬಾಕು ಮಂಡಳಿಯಲ್ಲಿ ಹೆಸರು ನೋಂದಾಯಿಸಿರಬೇಕು. 1975ರ ಕಾಯ್ದೆ ಹಾಗೆ ಹೇಳುತ್ತದೆ. ಸೊಪ್ಪು ಬೇಯಿಸುವ ಬ್ಯಾರನ್‌ಗೆ ಬೇರೆ ಲೈಸೆನ್ಸ್. ಈ ಸಾಲಿನಲ್ಲಿ ಎಷ್ಟು ಕಿಲೋ ಬೆಳೆಯಬಹುದು ಎಂಬುದನ್ನೂ ಮಂಡಳಿಯೇ ಗೊತ್ತು ಮಾಡುತ್ತದೆ. ಅದಕ್ಕಿಂತ ಹೆಚ್ಚು ಬೆಳೆದರೆ ದಂಡ. ಮಂಡಳಿಯ ನೋಂದಣಿ ಕಾರ್ಡ್ ಇಲ್ಲದವನ ಸೊಪ್ಪಿಗೆ, ಸರ್ಕಾರ ಆ ವರ್ಷ ವಿಶೇಷ ಅನುಮತಿ ಕೊಟ್ಟ ಹೊರತು, ಕಂಪಲಾಪುರದಲ್ಲಾಗಲಿ ಕಟ್ಟೆಮಳಲವಾಡಿಯಲ್ಲಾಗಲಿ ರಾಮನಾಥಪುರದಲ್ಲಾಗಲಿ ಹರಾಜು ಕಟ್ಟೆಯಲ್ಲಿ ಜಾಗವಿಲ್ಲ. ಅದೇ ಸೊಪ್ಪು ಸಿಗರೇಟಾಗಿ ಊರಿನ ಬಸ್ ಸ್ಟ್ಯಾಂಡಿಗೆ ಬಂದಾಗ ಅದನ್ನು ಮಾರುವವರ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಗೊಬ್ಬರ, ಕೀಟನಾಶಕ ಮಾರುವವರು ಕೃಷಿ ಇಲಾಖೆಯ ಲೈಸೆನ್ಸಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುತ್ತಾರೆ. ಔಷಧಿ ಅಂಗಡಿಗೆ ಲೈಸೆನ್ಸ್ ಬೇಕು, ದೀಪಾವಳಿಯ ನಾಲ್ಕು ದಿನದ ಪಟಾಕಿ ಮಳಿಗೆಗೂ ಬೇಕು. ಸಂಜೆ ಬೋಂಡ ಕರಿಯುವ ತಳ್ಳುಗಾಡಿಯವರೂ ಆಹಾರ ಸುರಕ್ಷತಾ ನೋಂದಣಿ ಮಾಡಿಸಿರಬೇಕು. ದೇಶದಲ್ಲಿ ವರ್ಷಕ್ಕೆ ಸುಮಾರು 13.5 ಲಕ್ಷ ಜನರ ಸಾವಿಗೆ ಕಾರಣವಾಗುವ ತಂಬಾಕನ್ನು ಮಾತ್ರ ಯಾರು ಬೇಕಾದರೂ ನಾಳೆ ಬೆಳಿಗ್ಗೆಯಿಂದಲೇ ಮಾರಲು ಶುರು ಮಾಡಬಹುದು. ಟ್ರೇಡ್ ಲೈಸೆನ್ಸ್ ಇರುವ ಅಂಗಡಿಗಳಲ್ಲೂ ಅದು ಸಾಮಾನ್ಯವಾಗಿ ಕಿರಾಣಿ, ಬೇಕರಿ, ಕಾಂಡಿಮೆಂಟ್ಸ್ ಎಂಬ ಹೆಸರಿನಲ್ಲಿರುತ್ತದೆ. ತಂಬಾಕು ಎಂಬ ಪದಕ್ಕೆ ಅದರಲ್ಲಿ ಜಾಗವೇ ಇರುವುದಿಲ್ಲ.

ನಾವು ಸಮುದಾಯ ಆರೋಗ್ಯ, ತಂಬಾಕು ನಿಯಂತ್ರಣ ಕಾನೂನು ಮತ್ತು ಸ್ಥಳೀಯಾಡಳಿತದ ಕೆಲಸದಲ್ಲಿರುವವರು. ನಮ್ಮ ಬೇಡಿಕೆ ಒಂದೇ. ತಂಬಾಕು ಮಾರುವ ಪ್ರತಿ ಅಂಗಡಿಗೂ ತಂಬಾಕಿಗೆಂದೇ ಪ್ರತ್ಯೇಕ ಲೈಸೆನ್ಸ್ ಇರಬೇಕು, ಅದು ನಗರ, ಹಳ್ಳಿ ಎನ್ನದೆ ರಾಜ್ಯದ ಎಲ್ಲೆಡೆ ಒಂದೇ ರೀತಿ ಜಾರಿಯಾಗಬೇಕು. ಇದು ಹೊಸ ಮಾತಲ್ಲ. 2017ರ ಸೆಪ್ಟೆಂಬರ್‌ನಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ತಂಬಾಕು ಮಾರಾಟಕ್ಕೆ ಸ್ಥಳೀಯ ಸಂಸ್ಥೆಗಳ ಅನುಮತಿ ಕಡ್ಡಾಯ ಮಾಡಿ, ಹಾಗೆ ಅನುಮತಿ ಪಡೆದ ಅಂಗಡಿಯಲ್ಲಿ ಚಾಕೊಲೇಟ್, ಚಿಪ್ಸ್, ಬಿಸ್ಕತ್ತು, ತಂಪು ಪಾನೀಯ ಮಾರಲು ಬಿಡಬೇಡಿ ಎಂದು ಸಲಹೆ ಕೊಟ್ಟಿತ್ತು. ಹಿಮಾಚಲ ಪ್ರದೇಶ ಅದಕ್ಕೂ ಮೊದಲೇ, 2016ರಲ್ಲಿ, ಬಿಡಿ ಸಿಗರೇಟು ನಿಷೇಧ ಮತ್ತು ಚಿಲ್ಲರೆ ಮಾರಾಟದ ನಿಯಂತ್ರಣ ಎರಡನ್ನೂ ಒಂದೇ ಕಾಯ್ದೆಯಲ್ಲಿ ತಂದಿತು. ನಮ್ಮಲ್ಲಿ ಲೈಸೆನ್ಸಿನ ಮಾತು ಕಡತಗಳಲ್ಲಿ ಬಂದು ಹೋಗುತ್ತಿದೆ, ಗೂಡಂಗಡಿಯ ಗೋಡೆಗೆ ಇನ್ನೂ ಬಂದಿಲ್ಲ.

ಕಾನೂನು ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕುರಿತ ಕೇಂದ್ರದ 2003ರ ಕೋಟ್ಪಾ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ರಾಷ್ಟ್ರಪತಿಗಳ ಅಂಕಿತ ಪಡೆದು 2025ರ ಮೇ ಕೊನೆಯಲ್ಲಿ ಜಾರಿಗೆ ಬಂತು. ಕೊಳ್ಳುವವರ ವಯಸ್ಸು 18ರಿಂದ 21ಕ್ಕೆ ಏರಿತು. ಬಿಡಿ ಸಿಗರೇಟು ಮಾರುವಂತಿಲ್ಲ. ಹುಕ್ಕಾ ಬಾರ್ ನಡೆಸಿದರೆ ಜೈಲು. 200 ರೂಪಾಯಿ ಇದ್ದ ದಂಡ 1,000ದವರೆಗೆ ಹೋಯಿತು. ಇದೆಲ್ಲ ಒಳ್ಳೆಯ ಹೆಜ್ಜೆ, ಇದಕ್ಕಾಗಿ ಸರ್ಕಾರವನ್ನು ಮನಸಾರೆ ಅಭಿನಂದಿಸುತ್ತೇವೆ. ಆದರೆ ಈ ನಿಯಮಗಳನ್ನು ಪಾಲಿಸಬೇಕಾದ ಅಂಗಡಿಗಳು ಯಾವುವು, ಎಲ್ಲಿವೆ, ಎಷ್ಟಿವೆ? ಒಂದು ವಾರ್ಡಿನ ಪಟ್ಟಿ ಕೇಳಿದರೂ ಕೊಡುವ ಸ್ಥಿತಿಯಲ್ಲಿ ಯಾವ ಇಲಾಖೆಯೂ ಇಲ್ಲ. ಪಟ್ಟಿಯೇ ಇಲ್ಲದ ಮೇಲೆ ತಪಾಸಣೆ ಎಂದರೆ ಕಣ್ಣಿಗೆ ಬಿದ್ದ ಅಂಗಡಿಗೆ ನುಗ್ಗುವುದು ಎಂದಷ್ಟೇ ಅರ್ಥ.

ಆ ತಪಾಸಣೆ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಿ. ಆರೋಗ್ಯ ಇಲಾಖೆಯ ಜೀಪು ಪೊಲೀಸರೊಂದಿಗೆ ಮುಖ್ಯರಸ್ತೆಗೆ ಬರುತ್ತದೆ. ಮೊದಲ ಅಂಗಡಿಯಲ್ಲಿ ರಸೀದಿ ಹರಿಯುವಷ್ಟರಲ್ಲಿ ಉಳಿದ ಅಂಗಡಿಗಳಿಗೆ ಫೋನ್ ಹೋಗಿರುತ್ತದೆ. ನೇತುಹಾಕಿದ ಸ್ಯಾಚೆಟ್ ಸರಗಳು ಒಳಗೆ ಸೇರುತ್ತವೆ, ಕೌಂಟರ್ ಮೇಲಿನ ಸಿಗರೇಟಿನ ಡಬ್ಬಿ ಬಾಳೆಹಣ್ಣಿನ ಗೊನೆಯ ಹಿಂದೆ ಹೋಗುತ್ತದೆ. ಲೈಟರ್ ಕಟ್ಟಿದ್ದ ದಾರ ಮಾತ್ರ ಕಂಬಕ್ಕೆ ನೇತಾಡುತ್ತಿರುತ್ತದೆ. ಐದಾರು ಅಂಗಡಿಗೆ ದಂಡ ಬೀಳುತ್ತದೆ, ಜೀಪು ಹೋಗುತ್ತದೆ, ಅರ್ಧ ಗಂಟೆಯಲ್ಲಿ ಸರಗಳು ಮತ್ತೆ ಹೊರಗೆ ಬರುತ್ತವೆ. ಅದೇ ಅಂಗಡಿ ಮುಂದಿನ ತಿಂಗಳು ಮತ್ತೆ ಸಿಕ್ಕರೆ ಅದು ಎರಡನೇ ತಪ್ಪು ಎಂದು ಗುರುತಿಸುವ ದಾರಿಯೂ ಇಲ್ಲ. ರಸೀದಿಯಲ್ಲಿ ಬರೆದದ್ದು ಕೌಂಟರಿನಲ್ಲಿ ಆಗ ಕೂತಿದ್ದ ಹುಡುಗನ ಹೆಸರು. ಮುಂದಿನ ಸಲ ಅಲ್ಲಿ ಬೇರೆ ಹುಡುಗ ಇರುತ್ತಾನೆ.

ಇನ್ನೊಂದು ತುದಿಯಲ್ಲಿ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಇದೆ. ಮಗುವಿಗೆ ತಂಬಾಕು ಕೊಟ್ಟರೆ ಏಳು ವರ್ಷದವರೆಗೆ ಕಠಿಣ ಸಜೆ, ಲಕ್ಷ ರೂಪಾಯಿವರೆಗೆ ದಂಡ. ಒಂದು ಸಿಗರೇಟಿಗಾಗಿ ಗೂಡಂಗಡಿಯ ಮುದುಕನ ಮೇಲೆ ಈ ಕೇಸು ಹಾಕಲು ಯಾವ ಠಾಣೆಗೂ ಮನಸ್ಸು ಬರುವುದಿಲ್ಲ, ಬರಬೇಕು ಎಂದು ನಾವೂ ಹೇಳುವುದಿಲ್ಲ. ಒಂದು ಶಿಕ್ಷೆ ತೀರಾ ಹಗುರ, ಇನ್ನೊಂದು ತೀರಾ ಭಾರ. ನಡುವೆ ಇರಬೇಕಾದದ್ದು ಇಷ್ಟೇ: ‘ಇನ್ನು ಒಂದು ತಿಂಗಳು ನೀವು ತಂಬಾಕು ಮಾರುವಂತಿಲ್ಲ’ ಎಂದು ಹೇಳುವ ಅಧಿಕಾರ. ಜೈಲಿಲ್ಲ, ಕೋರ್ಟಿಲ್ಲ, ಅಂಗಡಿಗೆ ಬೀಗವಿಲ್ಲ. ಟೀ, ಬಾಳೆಹಣ್ಣು, ಪೇಪರ್ ಮಾರಾಟ ಎಂದಿನಂತೆ ನಡೆಯುತ್ತದೆ. ಲೈಸೆನ್ಸ್ ಕೊಟ್ಟಿದ್ದರೆ ತಾನೇ ಅದನ್ನು ಅಮಾನತು ಮಾಡಲು ಸಾಧ್ಯ?

ಸಿಂಗಪುರದಲ್ಲಿ ಕೊಳ್ಳುವವರ ವಯಸ್ಸು ನಮ್ಮಂತೆಯೇ 21. ಅಲ್ಲಿ ಕಿರಿಯರಿಗೆ ಮಾರಿ ಮೊದಲ ಸಲ ಸಿಕ್ಕಿಬಿದ್ದರೆ ಲೈಸೆನ್ಸ್ ಆರು ತಿಂಗಳು ಅಮಾನತು, ಎರಡನೇ ಸಲಕ್ಕೆ ರದ್ದು. ಅಷ್ಟು ಬಿಗಿಯಿಂದಲೇ ಶುರು ಮಾಡಬೇಕಿಲ್ಲ. ಮೊದಲ ತಪ್ಪಿಗೆ ದಂಡದ ಜೊತೆ ಏಳು ದಿನ, ವರ್ಷದೊಳಗೆ ಎರಡನೆಯದಕ್ಕೆ ಮೂವತ್ತು ದಿನ, ಮೂರನೆಯದಕ್ಕೆ ರದ್ದು ಮತ್ತು ಆ ಜಾಗಕ್ಕೆ ಎರಡು ವರ್ಷ ಹೊಸ ಲೈಸೆನ್ಸ್ ಇಲ್ಲ ಎಂದಿರಲಿ. ‘ಆ ಜಾಗಕ್ಕೆ’ ಎಂಬ ಮಾತು ಮುಖ್ಯ. ವ್ಯಕ್ತಿಯ ಹೆಸರಿಗಷ್ಟೇ ಲೈಸೆನ್ಸ್ ಕೊಟ್ಟರೆ ರದ್ದಾದ ಮರುದಿನ ತಮ್ಮನ ಹೆಸರಿನಲ್ಲಿ ಅರ್ಜಿ ಬರುತ್ತದೆ. ಜಾಗಕ್ಕಷ್ಟೇ ಕೊಟ್ಟರೆ ಹೊಣೆ ಹೊರುವ ಮನುಷ್ಯ ಸಿಗುವುದಿಲ್ಲ. ಆದ್ದರಿಂದ ಲೈಸೆನ್ಸ್ ಒಬ್ಬ ವ್ಯಕ್ತಿಗೆ, ಒಂದು ಜಾಗಕ್ಕೆ, ಒಂದು ವರ್ಷಕ್ಕೆ ಸೇರಿರಬೇಕು. ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಹರಾಜಂತೂ ಕೂಡದು. ಮದ್ಯದಂಗಡಿಯ ಸನ್ನದುಗಳು ಎಂಥ ಬೆಲೆಗೆ ಕೈ ಬದಲಾಯಿಸುತ್ತವೆ ಎಂಬುದು ನಿಮಗೆ ಗೊತ್ತಿರುವ ಸಂಗತಿ. ತಂಬಾಕಿನ ಲೈಸೆನ್ಸೂ ಹಾಗೆ ಆಸ್ತಿಯಾಗಿಬಿಟ್ಟರೆ ಮುಂದೆ ಅದನ್ನು ಕಡಿಮೆ ಮಾಡಲು ಹೊರಟ ಸರ್ಕಾರಕ್ಕೆ ಪರಿಹಾರದ ದಾವೆಗಳು ಎದುರಾಗುತ್ತವೆ.

ಬಿಡಿ ಸಿಗರೇಟಿನ ವಿಷಯದಲ್ಲಿ ಲೈಸೆನ್ಸ್ ಮಾಡುವ ಕೆಲಸವನ್ನು ದಂಡ ಮಾಡಲಾರದು. ಬಿಡಿ ಮಾರಾಟ ನಿಲ್ಲಿಸುವುದೇಕೆ ಎಂಬುದು ಸರಳ. ಪ್ಯಾಕಿನ ಮೇಲೆ ಶೇ 85ರಷ್ಟು ಜಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಇದೆ. ಆ ಶೇ 85ರ ನಿಯಮದ ಮೇಲಿನ ಮೊಕದ್ದಮೆಗಳೆಲ್ಲ ಸೇರಿ ವಿಚಾರಣೆಯಾದದ್ದು ನಮ್ಮ ಹೈಕೋರ್ಟಿನಲ್ಲೇ. 2017ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ನಿಯಮವನ್ನು ರದ್ದುಪಡಿಸಿತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟ ಮೇಲೆ ಎಚ್ಚರಿಕೆ ಉಳಿಯಿತು. ಇಷ್ಟು ಹೋರಾಡಿ ಉಳಿಸಿಕೊಂಡ ಚಿತ್ರ, ಅದರ ಪಕ್ಕದ 1800-11-2356 ಎಂಬ ಸಹಾಯವಾಣಿ ಸಂಖ್ಯೆ, ಒಂದೊಂದೇ ಸಿಗರೇಟು ಕೊಳ್ಳುವವರ ಕಣ್ಣಿಗೆ ಬೀಳುವುದೇ ಇಲ್ಲ. ಹತ್ತರ ಪ್ಯಾಕ್ ಕೊಳ್ಳಲು ದುಡ್ಡಿಲ್ಲದ ಪಿಯು ಹುಡುಗನಿಗೆ ಒಂದು ಸಿಗರೇಟು ಕೊಳ್ಳಲು ದುಡ್ಡಿರುತ್ತದೆ. ಚಟ ಅಂಟುವುದು ಆ ಒಂದರಿಂದಲೇ.

ಬಿಡಿಯಾಗಿ ಮಾರಿದ್ದನ್ನು ಸಾಬೀತುಪಡಿಸುವುದು ಹೇಗೆ? ತೆರೆದ ಪ್ಯಾಕ್ ಕೌಂಟರ್ ಮೇಲಿದ್ದರೆ ‘ಅದು ನಾನು ಸೇದುವುದು’ ಎನ್ನುತ್ತಾರೆ. ಕೊಂಡವನು ಸಾಕ್ಷಿ ಹೇಳುವುದಿಲ್ಲ. 2017ರಲ್ಲಿ ರಾಜ್ಯ ಹೊರಡಿಸಿದ ಬಿಡಿ ಮಾರಾಟ ನಿಷೇಧ ನೆಲಕ್ಕಿಳಿಯದೆ ಹೋದದ್ದಕ್ಕೆ ಇದೊಂದು ದೊಡ್ಡ ಕಾರಣ. ಲೈಸೆನ್ಸಿನ ಷರತ್ತಿನಲ್ಲಿ ‘ಮಾರಾಟದ ಜಾಗದಲ್ಲಿ ತೆರೆದ ಪ್ಯಾಕ್, ಬಿಡಿ ಸಿಗರೇಟು ಹಾಕಿಟ್ಟ ಡಬ್ಬಿ ಅಥವಾ ಗಿರಾಕಿಗಳಿಗೆಂದು ಇಟ್ಟ ಲೈಟರ್ ಇರಕೂಡದು’ ಎಂದು ಬರೆದರೆ ಮಾರಿದ್ದನ್ನು ಹಿಡಿಯುವ ಅಗತ್ಯವೇ ಬೀಳುವುದಿಲ್ಲ. ಡಬ್ಬಿ ಇದೆಯೇ ಇಲ್ಲವೇ ಎಂದು ನೋಡಿದರೆ ಸಾಕು, ಒಂದು ಫೋಟೊ ಸಾಕು. ಫಲಕಕ್ಕೂ ಇದೇ ಮಾತು. ಕಿರಿಯರಿಗೆ ಮಾರುವುದಿಲ್ಲ ಎಂಬ ಫಲಕ ಕನಿಷ್ಠ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಎತ್ತರ ಇರಬೇಕೆಂದು ನಿಯಮವಿದೆ. ಹಳೆಯ ಫಲಕಗಳಲ್ಲಿ 18 ಎಂದೇ ಇದೆ. ಲೈಸೆನ್ಸಿನ ಜೊತೆಗೇ 21 ಎಂದು ಅಚ್ಚಾದ ಕನ್ನಡ ಫಲಕವನ್ನು, ಕೆಳಗೆ ಲೈಸೆನ್ಸ್ ಸಂಖ್ಯೆ ಹಾಕಿ, ಕಚೇರಿಯಿಂದಲೇ ಕೊಟ್ಟರೆ ‘ಬರೆಸಲು ಕೊಟ್ಟಿದ್ದೇನೆ’ ಎಂಬ ಸಬೂಬು ನಿಲ್ಲುತ್ತದೆ.

ಶಾಲೆಯ ಸುತ್ತಲಿನ ದೂರದ ಲೆಕ್ಕದಲ್ಲಿ ಆಗುವ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೇಂದ್ರದ ಕಾಯ್ದೆಯಲ್ಲಿ ಇದ್ದದ್ದು 100 ಗಜ, ಅಂದರೆ 91 ಮೀಟರ್‌ಗಿಂತ ಸ್ವಲ್ಪ ಹೆಚ್ಚು. ರಾಜ್ಯದ ತಿದ್ದುಪಡಿಯಲ್ಲಿ ಸುತ್ತಲೂ 100 ಮೀಟರ್. ಕೋಟ್ಪಾ ನಿಯಮದ ಪ್ರಕಾರ ಅಳತೆ ಶುರುವಾಗಬೇಕಾದದ್ದು ಕಾಂಪೌಂಡಿನ ಹೊರಗೋಡೆಯಿಂದ, ನೇರವಾಗಿ ಎಲ್ಲ ದಿಕ್ಕಿಗೂ. ರಸ್ತೆಯಲ್ಲಿ ನಡೆದು ಹೋಗುವ ದೂರ ಲೆಕ್ಕಕ್ಕಿಲ್ಲ. ನಕ್ಷೆಯಲ್ಲಿ ಶಾಲೆ ಎಂದರೆ ಒಂದು ಚುಕ್ಕಿ, ಅದು ಬಹುಮಟ್ಟಿಗೆ ಕಟ್ಟಡದ ನಡುವೆ ಇರುತ್ತದೆ. ಎರಡು ಎಕರೆ ಶಾಲೆ ಸುಮಾರು 90 ಮೀಟರ್ ಉದ್ದ, 90 ಮೀಟರ್ ಅಗಲ. ನಡುವಿನ ಚುಕ್ಕಿಯಿಂದ 100 ಮೀಟರ್ ವೃತ್ತ ಎಳೆದರೆ ಅದರಲ್ಲಿ 45 ಮೀಟರ್ ಶಾಲೆಯ ಮೈದಾನದೊಳಗೇ ಕರಗಿಹೋಗುತ್ತದೆ, ಗೇಟಿನ ಹೊರಗೆ ಉಳಿಯುವುದು ಬರೀ 55 ಮೀಟರ್. ಮಕ್ಕಳು ಗೇಟು ದಾಟಿ ಎದುರಿಗೆ ಕಾಣುವ ಮೂರು ಅಂಗಡಿಯಲ್ಲಿ ಎರಡಕ್ಕೆ ಹೀಗೆ ಲೈಸೆನ್ಸ್ ಸಿಕ್ಕಿಬಿಡಬಹುದು. ಆದ್ದರಿಂದ ಪ್ರತಿ ಶಾಲೆಯ ಕಾಂಪೌಂಡಿನ ಗಡಿಯನ್ನೇ ಗುರುತಿಸಿ, ಅದರ ಹೊರಕ್ಕೆ 100 ಮೀಟರ್ ಪಟ್ಟಿ ಎಳೆಯಬೇಕು. ರಾಜ್ಯ ಸರ್ಕಾರದ್ದೇ ಆದ ಕೆ-ಜಿಐಎಸ್ ಡಿಜಿಟಲ್ ನಕ್ಷೆಗಳಿರುವಾಗ ಇದು ವರ್ಷಗಟ್ಟಲೆಯ ಕೆಲಸವೇನಲ್ಲ. ಪಟ್ಟಿಯೊಳಗೆ ಬಿದ್ದ ಜಾಗಕ್ಕೆ ಅರ್ಜಿ ಹಾಕುವಾಗಲೇ ತಂತ್ರಾಂಶ ತಿರಸ್ಕರಿಸಬೇಕು, ಅಧಿಕಾರಿಯ ವಿವೇಚನೆಗೆ ಬಿಡಬಾರದು.

ಕಾನೂನಿನ ಕಣ್ಣಿಗೆ ಬೀಳದ ಜಾಗಗಳೂ ಇವೆ. ನಿಯಮದಲ್ಲಿ ಶಿಕ್ಷಣ ಸಂಸ್ಥೆ ಎಂದರೆ ಮಾನ್ಯತೆ ಪಡೆದ ಶಾಲೆ ಕಾಲೇಜು. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಸಾವಿರಾರು ಹುಡುಗ ಹುಡುಗಿಯರು ಓದುವ ಕೋಚಿಂಗ್ ಸೆಂಟರ್‌ಗಳು, ಲೈಬ್ರರಿ ಎಂಬ ಬೋರ್ಡಿನ ಓದುವ ಕೊಠಡಿಗಳು ಇದರಲ್ಲಿ ಬರುವುದಿಲ್ಲ. ಪರೀಕ್ಷೆಯ ಒತ್ತಡ, ಮನೆಯಿಂದ ದೂರ, ರಾತ್ರಿ ಹನ್ನೊಂದಕ್ಕೆ ಟೀ ಅಂಗಡಿ. ಸಿಗರೇಟು ಕೈಗೆ ಹತ್ತುವುದು ಇಲ್ಲಿ. ಕಾಯ್ದೆ ತಿದ್ದುವವರೆಗೆ ಕಾಯಬೇಕಿಲ್ಲ, ಲೈಸೆನ್ಸಿನ ಉಪವಿಧಿಯಲ್ಲಿ (ಬೈಲಾದಲ್ಲಿ) ಇಂಥ ಪ್ರದೇಶಗಳನ್ನು ಸ್ಥಳೀಯ ಸಂಸ್ಥೆಯೇ ಹೆಸರಿಸಿ ಹೊಸ ಲೈಸೆನ್ಸ್ ನಿಲ್ಲಿಸುವ ಅವಕಾಶ ಇಟ್ಟುಕೊಳ್ಳಿ.

ಇಡೀ ವ್ಯವಸ್ಥೆಯ ಕೀಲಿ ಇರುವುದು ಚಿಲ್ಲರೆ ಅಂಗಡಿಯಲ್ಲಲ್ಲ, ಅದಕ್ಕೆ ಸರಕು ಹಾಕುವವರ ಬಳಿ. ಯಾವ ಬೀದಿಯ ಯಾವ ಗೂಡಂಗಡಿ ವಾರಕ್ಕೆ ಎಷ್ಟು ಪ್ಯಾಕ್ ತೆಗೆದುಕೊಳ್ಳುತ್ತದೆ ಎಂಬ ಲೆಕ್ಕ ಸರ್ಕಾರದ ಬಳಿ ಇಲ್ಲದಿರಬಹುದು, ಡಿಸ್ಟ್ರಿಬ್ಯೂಟರ್‌ಗಳ ಸೇಲ್ಸ್‌ಮನ್ ಹತ್ತಿರ ಇದೆ. ಸೈಕಲ್ಲಿನಲ್ಲೋ ಟೆಂಪೋದಲ್ಲೋ ಬರುವ ಅವನ ಕೈಯಲ್ಲಿನ ಮೊಬೈಲಿನಲ್ಲಿ ಅಂಗಡಿಯ ಹೆಸರು, ಮಾಲೀಕನ ನಂಬರು, ಹಿಂದಿನ ವಾರದ ಆರ್ಡರು ಎಲ್ಲ ಇರುತ್ತದೆ. ಆದ್ದರಿಂದ ಮೂರು ಕೆಲಸ ಮಾಡಿ. ಸಗಟು ವ್ಯಾಪಾರಿಗಳಿಗೂ ಲೈಸೆನ್ಸ್ ಕಡ್ಡಾಯ ಮಾಡಿ. ಲೈಸೆನ್ಸ್ ಇಲ್ಲದ ಅಂಗಡಿಗೆ ಸರಕು ಹಾಕಿದರೆ ಮೊದಲು ಹೋಗುವುದು ಸಗಟು ವ್ಯಾಪಾರಿಯ ಲೈಸೆನ್ಸ್ ಎಂದು ಬರೆಯಿರಿ. ಪ್ರತಿ ಬಿಲ್ಲಿನ ಮೇಲೂ ಕೊಂಡ ಅಂಗಡಿಯ ಲೈಸೆನ್ಸ್ ಸಂಖ್ಯೆ ಇರಲಿ. ಹೀಗಾದರೆ ಪ್ರತಿ ಗೂಡಂಗಡಿಯ ಹಿಂದೆ ಇನ್‌ಸ್ಪೆಕ್ಟರ್ ಓಡುವುದು ತಪ್ಪುತ್ತದೆ. ಜಿಲ್ಲೆಯಲ್ಲಿ ಸಗಟು ಗೋದಾಮುಗಳು ಬೆರಳೆಣಿಕೆಯಷ್ಟಿರುತ್ತವೆ, ಅವುಗಳ ಬಿಲ್ ಪುಸ್ತಕ ನೋಡಿದರೆ ಲೈಸೆನ್ಸ್ ಇಲ್ಲದೆ ಮಾರುತ್ತಿರುವವರು ಯಾರೆಂದು ಗೊತ್ತಾಗುತ್ತದೆ. ಬೀಡಿ ಮತ್ತು ಜಗಿಯುವ ತಂಬಾಕಿನ ಸಗಟು ಇಷ್ಟು ಅಚ್ಚುಕಟ್ಟಾಗಿಲ್ಲ. ಸಂತೆಯಲ್ಲಿ, ಕಿರಾಣಿ ಸಗಟು ಅಂಗಡಿಯಲ್ಲಿ ನಗದಿಗೆ ನಡೆಯುತ್ತದೆ, ಬಿಲ್ ಇರುವುದಿಲ್ಲ. ಅಲ್ಲಿ ಹಿಡಿತ ಬರಲು ಹೆಚ್ಚು ಕಾಲ ಬೇಕು. ಆದರೆ 2016–17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8 ಇದ್ದರೆ ಜಗಿಯುವ, ಮೂಸುವ ತಂಬಾಕು ಬಳಸುವವರು ಶೇ 16.3 ಇದ್ದರು. ಸಿಗರೇಟಿಗೆ ಮಾತ್ರ ಲೈಸೆನ್ಸ್ ಮಾಡಿ ಕಡ್ಡಿಪುಡಿಯನ್ನು ಬಿಟ್ಟರೆ ಸಮಸ್ಯೆಯ ದೊಡ್ಡ ಪಾಲನ್ನೇ ಬಿಟ್ಟಂತೆ.

ಗುಟ್ಕಾ ವಿಷಯದಲ್ಲಿ ಎಚ್ಚರ ಬೇಕು. ರಾಜ್ಯದಲ್ಲಿ 2013ರ ಮೇ 31ರಿಂದ ಗುಟ್ಕಾ ನಿಷೇಧವಿದೆ. ಅಂದಿನಿಂದ ಪಾನ್ ಮಸಾಲಾ ಒಂದು ಸ್ಯಾಚೆಟ್, ತಂಬಾಕು ಇನ್ನೊಂದು ಸ್ಯಾಚೆಟ್ ಎಂದು ಜೋಡಿಯಾಗಿ ಮಾರಾಟ ನಡೆದಿದೆ, ಗಿರಾಕಿ ಅಂಗಡಿಯ ಮುಂದೆಯೇ ಎರಡನ್ನೂ ಹರಿದು ಬೆರೆಸಿಕೊಳ್ಳುತ್ತಾನೆ. ತಂಬಾಕು ಲೈಸೆನ್ಸ್ ಇರುವ ಅಂಗಡಿಯಲ್ಲಿ ಪಾನ್ ಮಸಾಲಾ ಇರಕೂಡದು ಎಂಬ ಷರತ್ತು ಹಾಕಿದರೆ ಈ ಜೋಡಿ ಒಡೆಯುತ್ತದೆ. ಹಾಗೆಯೇ ಲೈಸೆನ್ಸಿನ ಮೇಲೆ ‘ತಂಬಾಕು ಉತ್ಪನ್ನಗಳು’ ಎಂದು ಸುಮ್ಮನೆ ಬರೆದರೆ ಸಾಲದು, ಗುಟ್ಕಾ ಮತ್ತು ಇ-ಸಿಗರೇಟು ಇದರಲ್ಲಿ ಸೇರಿಲ್ಲ ಎಂದು ಸ್ಪಷ್ಟವಾಗಿ ಅಚ್ಚಾಗಬೇಕು.

ಮಿಠಾಯಿ, ಚಿಪ್ಸ್, ಬಿಸ್ಕತ್ತು ಜೊತೆಗೆ ಮಾರಬಾರದು ಎಂಬ 2017ರ ಸಲಹೆಗೆ ಅತಿ ಹೆಚ್ಚು ವಿರೋಧ ಬರುತ್ತದೆ. ಕಾಂಡಿಮೆಂಟ್ಸ್ ಅಂಗಡಿಯ ಗಾಜಿನ ಭರಣಿಗಳನ್ನು ನೆನೆಸಿಕೊಳ್ಳಿ. ಕೆಳಸಾಲಿನಲ್ಲಿ ಕಡಲೆ ಮಿಠಾಯಿ, ಕೊಬ್ಬರಿ ಮಿಠಾಯಿ, ನಿಪ್ಪಟ್ಟು. ಅದರ ಮೇಲೆ, ಐದನೇ ತರಗತಿಯ ಮಗುವಿನ ಕಣ್ಣಿನ ಎತ್ತರಕ್ಕೆ ಸರಿಯಾಗಿ, ಬಣ್ಣಬಣ್ಣದ ಸಿಗರೇಟು ಪ್ಯಾಕುಗಳ ಸಾಲು. ಮಗು ಮಿಠಾಯಿಗೆ ಬಂದು ದಿನವೂ ಅದನ್ನೇ ನೋಡುತ್ತದೆ. ನೋಡಿ ನೋಡಿ ಅದೂ ಒಂದು ಮಾಮೂಲಿ ವಸ್ತುವಾಗುತ್ತದೆ. ಈ ಷರತ್ತನ್ನು ಒಂದೇ ದಿನ ಜಾರಿ ಮಾಡಿದರೆ ಸಣ್ಣ ಅಂಗಡಿಗೆ ಪೆಟ್ಟು ಬೀಳುವುದು ನಿಜ. ಅದಕ್ಕೆ ಮೊದಲ ವರ್ಷ ತಂಬಾಕನ್ನು ಮುಚ್ಚಿದ ಪೆಟ್ಟಿಗೆಯಲ್ಲಿ, ಗಿರಾಕಿಗೆ ಕಾಣದಂತೆ ಇಡಬೇಕು ಎನ್ನಿ. ನವೀಕರಣದ ಹೊತ್ತಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಿ. ಮಕ್ಕಳ ತಿನಿಸನ್ನು ಉಳಿಸಿಕೊಂಡು ತಂಬಾಕು ಬಿಡುವ ಅಂಗಡಿಗಳು ಗಣನೀಯವಾಗಿರುತ್ತವೆ ಎಂದು ನಾವು ನಂಬುತ್ತೇವೆ.

ಶುಲ್ಕ ಎಷ್ಟಿರಬೇಕು? ದಕ್ಷಿಣ ಆಸ್ಟ್ರೇಲಿಯಾದಲ್ಲಿ 2007ರಲ್ಲಿ ವಾರ್ಷಿಕ ಶುಲ್ಕವನ್ನು 12.90 ಡಾಲರಿನಿಂದ 200 ಡಾಲರಿಗೆ ಏರಿಸಿದಾಗ ಎರಡು ವರ್ಷದಲ್ಲಿ ಲೈಸೆನ್ಸ್‌ಗಳ ಸಂಖ್ಯೆ ಸುಮಾರು ಶೇ 24 ಇಳಿಯಿತು. ಅಷ್ಟೇನೂ ಮಾರದಿದ್ದವರು ತಾವಾಗಿಯೇ ಬಿಟ್ಟರು. ಶುಲ್ಕ ನಾಮಮಾತ್ರವಾದರೆ ಎಲ್ಲರೂ ತೆಗೆದುಕೊಳ್ಳುತ್ತಾರೆ, ಪಟ್ಟಿ ಸಿಗುತ್ತದೆ, ಅಷ್ಟೇ. ಲೆಕ್ಕ ಹಾಕಬೇಕಾದದ್ದು ತಪಾಸಣೆಯ ಖರ್ಚಿನಿಂದ. ಒಂದು ತಾಲ್ಲೂಕು ಕೇಂದ್ರದಲ್ಲಿ 300 ಅಂಗಡಿ ಇವೆ ಎಂದುಕೊಳ್ಳಿ. ವರ್ಷಕ್ಕೆ ನಾಲ್ಕು ಭೇಟಿ ಎಂದರೆ 1,200 ಭೇಟಿ. ಇಬ್ಬರ ತಂಡ ದಿನಕ್ಕೆ ಹತ್ತು ಅಂಗಡಿ ನೋಡಿ ವರದಿ ಬರೆದರೆ 120 ದಿನದ ಕೆಲಸ. ಅಂಗಡಿಗೆ 2,000 ರೂಪಾಯಿ ಶುಲ್ಕವಾದರೆ ಕೈಗೆ ಬರುವುದು 6 ಲಕ್ಷ, ಒಂದು ತಪಾಸಣಾ ದಿನಕ್ಕೆ 5,000 ರೂಪಾಯಿ. ಪೆಟ್ರೋಲು, ಭತ್ಯೆ, ಫಲಕ, ದಾಖಲೆ ಎಲ್ಲಕ್ಕೂ ಸಾಕು. ಆದರೆ ಈ ಹಣ ಪ್ರತ್ಯೇಕ ಖಾತೆಯಲ್ಲೇ ಇರಬೇಕು. ಪುರಸಭೆಯ ಸಾಮಾನ್ಯ ಆದಾಯಕ್ಕೆ ಸೇರಿದರೆ ಎರಡು ವರ್ಷದಲ್ಲಿ ತಪಾಸಣೆ ನಿಂತು ವಸೂಲಿ ಮಾತ್ರ ಉಳಿಯುತ್ತದೆ. ಬಜೆಟ್ ತುಂಬಿಸಿಕೊಳ್ಳಲು ಇನ್ನಷ್ಟು ಲೈಸೆನ್ಸ್ ಕೊಡುವ ಆಸೆಯೂ ಹುಟ್ಟುತ್ತದೆ. ಅದಕ್ಕೆ ಸಂಖ್ಯೆಗೆ ಮೊದಲೇ ಮಿತಿ ಬೇಕು. ಅಮೆರಿಕದ ಫಿಲಡೆಲ್ಫಿಯಾ ನಗರ ಪ್ರತಿ ಯೋಜನಾ ವಲಯದಲ್ಲಿ ಸಾವಿರ ಜನರಿಗೆ ಒಂದು ಲೈಸೆನ್ಸ್ ಎಂದು ಮಿತಿ ಹಾಕಿತು. ಇದ್ದವರನ್ನು ಎಬ್ಬಿಸಲಿಲ್ಲ, ಬಿಟ್ಟುಹೋದವರ ಜಾಗಕ್ಕೆ ಹೊಸಬರನ್ನು ಸೇರಿಸಲಿಲ್ಲ. ನಮಗೂ ಇದೇ ದಾರಿ ಸೂಕ್ತ. ಹಂಗೇರಿ 2013ರಲ್ಲಿ ಮಾಡಿದಂತೆ ಸುಮಾರು 40 ಸಾವಿರ ಮಾರಾಟದ ಜಾಗಗಳನ್ನು ಒಮ್ಮೆಲೇ ಏಳು ಸಾವಿರದ ಆಸುಪಾಸಿಗೆ ಇಳಿಸಹೊರಟರೆ, ಉಳಿದ ಲೈಸೆನ್ಸ್ ಯಾರ ಕೈಗೆ ಹೋಯಿತು ಎಂಬ ಜಗಳವೇ ದೊಡ್ಡದಾಗುತ್ತದೆ. ಅಲ್ಲಿ ಆಳುವ ಪಕ್ಷದ ಆಪ್ತರಿಗೆ ಹಂಚಿದರೆಂಬ ಆರೋಪ ಬಂತು.

ಹೊಟ್ಟೆಪಾಡಿನ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಂಡಿಲ್ಲ. ಗೂಡಂಗಡಿ ನಡೆಸುವವರಲ್ಲಿ ವಿಧವೆಯರಿದ್ದಾರೆ, ಅಂಗವಿಕಲರಿದ್ದಾರೆ, ಕೆಲಸ ಕಳೆದುಕೊಂಡವರಿದ್ದಾರೆ. ಪಾದಚಾರಿ ಮಾರ್ಗದವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಸಿಗುವ ಪ್ರಮಾಣಪತ್ರಕ್ಕೂ ಈ ಲೈಸೆನ್ಸಿಗೂ ಸಂಬಂಧ ಇರಕೂಡದು. ತಂಬಾಕು ಲೈಸೆನ್ಸ್ ರದ್ದಾದರೂ ಬೀದಿ ವ್ಯಾಪಾರದ ಹಕ್ಕು ಮುಟ್ಟಿಲ್ಲ ಎಂದು ಉಪವಿಧಿಯಲ್ಲೇ ಬರೆದಿರಲಿ. ಅದಕ್ಕಿಂತ ದೊಡ್ಡ ಭಯ ತೆರಿಗೆಯದು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ನೋಟಿಸುಗಳು ಹೋದಾಗ ಬೇಕರಿ, ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕೋಡ್ ಕಿತ್ತುಹಾಕಿ ನಗದು ಕೇಳತೊಡಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಲೈಸೆನ್ಸ್ ಅರ್ಜಿಯೂ ಅಂಥದ್ದೇ ಬಲೆ ಎಂಬ ಸುದ್ದಿ ಹಬ್ಬಿದರೆ ಒಬ್ಬರೂ ಕಚೇರಿಗೆ ಬರುವುದಿಲ್ಲ. ಅರ್ಜಿಯಲ್ಲಿ ವಹಿವಾಟಿನ ಮೊತ್ತ ಕೇಳಬೇಡಿ. ಹೆಸರು, ಫೋಟೊ, ಜಾಗ, ಸರಕು ಹಾಕುವವರ ಹೆಸರು, ಇಷ್ಟು ಸಾಕು. ಮೊದಲ ಆರು ತಿಂಗಳು ದಂಡವಿಲ್ಲದ ನೋಂದಣಿ ಕಾಲ ಕೊಡಿ, ಗೂಡಂಗಡಿಯವರು ಕಚೇರಿಗೆ ಅಲೆಯುವ ಬದಲು ವಾರ್ಡಿನಲ್ಲೇ ಶಿಬಿರ ಮಾಡಿ.

ಮಾಮೂಲಿಯ ಅಪಾಯವೂ ಇದೆ. ಲೈಸೆನ್ಸ್ ಎಂದರೆ ತಿಂಗಳ ವಸೂಲಿಗೆ ಇನ್ನೊಂದು ನೆಪ ಎಂದು ಅಂಗಡಿಯವರು ಅಂದುಕೊಂಡರೆ ಅದು ಅವರ ತಪ್ಪಲ್ಲ. ಭೇಟಿಗೆ ಹೋಗುವ ಅಂಗಡಿಯನ್ನು ಅಧಿಕಾರಿ ಆರಿಸಬಾರದು, ಬೆಳಿಗ್ಗೆ ತಂತ್ರಾಂಶ ಆರಿಸಿ ಕೊಡಬೇಕು. ಪ್ರತಿ ಭೇಟಿಯ ವರದಿ ಜಾಗದ ಗುರುತು ಮತ್ತು ಫೋಟೊದೊಂದಿಗೆ ಆಗಲೇ ದಾಖಲಾಗಬೇಕು, ಅಂಗಡಿಯವರ ಮೊಬೈಲಿಗೂ ಕನ್ನಡದಲ್ಲಿ ಹೋಗಬೇಕು. ಅಮಾನತಿನ ಆದೇಶಕ್ಕೆ ಹದಿನೈದು ದಿನದೊಳಗೆ ಮೇಲ್ಮನವಿ ಕೇಳುವ ಬೇರೆ ಅಧಿಕಾರಿ ಇರಬೇಕು. ವಯಸ್ಸು ಕೇಳುತ್ತಾರೋ ಇಲ್ಲವೋ ನೋಡಲು ಮಕ್ಕಳನ್ನು ಕಳಿಸಬೇಡಿ. ಎಳೆಮುಖದ 21, 22ರ ಯುವಕ ಯುವತಿಯರನ್ನು ಕಳಿಸಿ. ಗುರುತಿನ ಚೀಟಿ ಕೇಳದೆ ಕೊಟ್ಟರೆ ಕಾನೂನು ಮುರಿದಂತಾಗುವುದಿಲ್ಲ, ಆದರೆ ಆ ಅಂಗಡಿಗೆ ಎಚ್ಚರಿಕೆ ಪತ್ರ ಮತ್ತು ಬೇಗನೆ ಇನ್ನೊಂದು ಭೇಟಿ ಬೇಕು ಎಂದು ಗೊತ್ತಾಗುತ್ತದೆ.

‘ಸರ್ಕಾರವೇ ಲೈಸೆನ್ಸ್ ಕೊಟ್ಟ ಮೇಲೆ ತಂಬಾಕು ಒಳ್ಳೆಯದೇ ಎಂದಾಯಿತಲ್ಲ’ ಎಂದು ಕೆಲವು ಆರೋಗ್ಯ ಕಾರ್ಯಕರ್ತರೇ ಆಕ್ಷೇಪಿಸುತ್ತಾರೆ. ವಿಷದ ಲೈಸೆನ್ಸ್ ಕೊಟ್ಟರೆ ವಿಷ ಒಳ್ಳೆಯದು ಎಂದು ಯಾರೂ ತಿಳಿಯುವುದಿಲ್ಲ. ಆದರೂ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಲೈಸೆನ್ಸ್ ಪತ್ರವನ್ನು ಹೆಮ್ಮೆಯ ಪ್ರಮಾಣಪತ್ರದಂತೆ ಅಚ್ಚು ಮಾಡಬೇಡಿ. ಅದರ ಅರ್ಧ ಭಾಗ ಎಚ್ಚರಿಕೆಗೆ ಮತ್ತು ಸಹಾಯವಾಣಿ ಸಂಖ್ಯೆಗೆ ಇರಲಿ. ತಂಬಾಕು ಕಂಪನಿಗಳು ‘ವ್ಯಾಪಾರಿಗಳಿಗೆ ತರಬೇತಿ’ ಎಂದು ಮುಂದೆ ಬಂದರೆ ಒಪ್ಪಬೇಡಿ. ಭಾರತ 2004ರಲ್ಲಿ ಒಪ್ಪಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 5.3ನೇ ವಿಧಿ, ಆರೋಗ್ಯ ನೀತಿಯನ್ನು ಕಂಪನಿಗಳ ಹಿತಾಸಕ್ತಿಯಿಂದ ಕಾಪಾಡಬೇಕು ಎಂದೇ ಹೇಳುತ್ತದೆ.

ರಾಜ್ಯದಲ್ಲಿ ತಂಬಾಕು ಬಳಸುವ ವಯಸ್ಕರು 2009–10ರ ಸಮೀಕ್ಷೆಯಲ್ಲಿ ಶೇ 28.2 ಇದ್ದವರು 2016–17ಕ್ಕೆ ಶೇ 22.8 ಆದರು. ಚಿತ್ರದ ಎಚ್ಚರಿಕೆ, ಗುಟ್ಕಾ ನಿಷೇಧ, ತೆರಿಗೆ ಎಲ್ಲದರ ಪಾಲೂ ಇದರಲ್ಲಿದೆ. ಇಷ್ಟೆಲ್ಲದರ ನಡುವೆ ಮಾರುವ ಜಾಗವೊಂದಕ್ಕೆ ಯಾರೂ ಕೈ ಹಚ್ಚಿಲ್ಲ.

ಕರ್ನಾಟಕ ಪೌರ ನಿಗಮಗಳ ಕಾಯ್ದೆ, ಪುರಸಭೆಗಳ ಕಾಯ್ದೆ, ಪಂಚಾಯತ್ ರಾಜ್ ಕಾಯ್ದೆ ಮೂರರಲ್ಲೂ ಅಪಾಯಕಾರಿ ವ್ಯಾಪಾರಗಳಿಗೆ ಲೈಸೆನ್ಸ್ ವಿಧಿಸುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗಿದೆ. ಬೆಂಗಳೂರಿನಲ್ಲಿ ಈಗ ಐದು ಪಾಲಿಕೆಗಳಾಗಿವೆ. ಐದೂ ಬೇರೆ ಬೇರೆ ನಿಯಮ ಮಾಡಿದರೆ ರಸ್ತೆಯ ಈಚೆ ಲೈಸೆನ್ಸ್ ಕಳೆದುಕೊಂಡವರು ಆಚೆ ಬದಿಗೆ ಅಂಗಡಿ ಎತ್ತಿಟ್ಟುಕೊಳ್ಳುತ್ತಾರೆ. ಆದ್ದರಿಂದ ಒಂದೇ ಮಾದರಿ ಉಪವಿಧಿಯನ್ನು ರಾಜ್ಯ ಸರ್ಕಾರವೇ ಹೊರಡಿಸಲಿ. ಅದು ಸಿದ್ಧವಾಗುವವರೆಗೆ ಒಂದು ಕೆಲಸವನ್ನು ಈ ತಿಂಗಳೇ ಮಾಡಬಹುದು. ಪ್ರತಿ ಜಿಲ್ಲಾಧಿಕಾರಿ ತಮ್ಮ ಜಿಲ್ಲೆಯ ಸಿಗರೇಟು, ಬೀಡಿ, ಜಗಿಯುವ ತಂಬಾಕಿನ ಸಗಟು ವ್ಯಾಪಾರಿಗಳನ್ನು ಕರೆದು, ತಾವು ಸರಕು ಹಾಕುವ ಅಂಗಡಿಗಳ ಪಟ್ಟಿಯನ್ನು ಜಾಗದ ಗುರುತಿನೊಂದಿಗೆ ಮೂವತ್ತು ದಿನದೊಳಗೆ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಕೊಡಿ ಎಂದು ಕೇಳಲಿ. ಆ ಪಟ್ಟಿಯನ್ನು ಶಾಲೆಗಳ ನಕ್ಷೆಯ ಮೇಲೆ ಇಟ್ಟು ನೋಡಿ.

ಇತಿ,
ಸಮುದಾಯ ಆರೋಗ್ಯ ಮತ್ತು ತಂಬಾಕು ನಿಯಂತ್ರಣದ ಕೆಲಸದಲ್ಲಿರುವವರು